ಮುನಿಗಂಗಪ್ಪನ ಕಾರೂ ಕಪ್ಪು ಟಾನಿಕ್ಕೂ

ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರಿಗೆ, ಹುಣಸೆ ಮರದ ಕೆಳಗೆ, ಐವತ್ತನಾಲ್ಕನೇ ಇಸವಿಯಿಂದ ಅರವತ್ತೆರಡರವರೆಗೆ ಒಂದು ಕಪ್ಪು ವಿಲಾಯತಿ ಕಾರು ನಿಲ್ಲುತ್ತಿತ್ತು. ಅದು ಮುನಿಗಂಗಪ್ಪನ ಬಾಡಿಗೆ ಕಾರು. ರೇಷ್ಮೆ ವ್ಯಾಪಾರಿಗಳನ್ನು ಬೆಂಗಳೂರಿಗೆ, ಮದುವೆ ಗಂಡುಗಳನ್ನು ಚಿಂತಾಮಣಿಗೆ, ಕಾಯಿಲೆಯವರನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಅದೇ ಕರೆದುಕೊಂಡು ಹೋಗುತ್ತಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮುನಿಗಂಗಪ್ಪ ಮುಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದ. ಬೇರೆ ಡ್ರೈವರುಗಳ ಹಾಗೆ ಟೀ ಅಂಗಡಿಯ ಬೆಂಚಿನಲ್ಲಿ ಕೂತು ಹರಟೆ ಹೊಡೆಯುವವನಲ್ಲ.

ಅವನ ಊರು ಕಳವಾರ, ಬೆಟ್ಟದ ಬುಡದಲ್ಲಿ. ನಲವತ್ತೊಂದರಲ್ಲಿ ಮಿಲಿಟರಿಗೆ ಸೇರಿ ಲಾರಿ ಓಡಿಸುವುದನ್ನು ಕಲಿತ. ಅಸ್ಸಾಮಿನಿಂದ ಬರ್ಮಾ ಕಡೆಗೆ ಹೋಗುವ ಗುಡ್ಡದ ರಸ್ತೆಗಳಲ್ಲಿ ಮೂರು ವರ್ಷ ಮದ್ದುಗುಂಡು ಸಾಗಿಸಿದ. ಆ ಕಡೆ ಚಳಿಜ್ವರ ಬಹಳ. ಹಿಡಿಹಿಡಿ ಕ್ವಿನೈನ್ ಮಾತ್ರೆ ನುಂಗಿಸುತ್ತಿದ್ದರು. ನುಂಗಿದ ದಿನವೆಲ್ಲ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗುತ್ತಿತ್ತಂತೆ. ಅಲ್ಲಿರುವಾಗಲೇ ಊರಿಂದ ಒಂದು ಕಾಗದ ಬಂತು. ಮದುವೆಯಾಗಿ ಹದಿನೈದು ದಿನ ಮಾತ್ರ ಜೊತೆಗಿದ್ದ ಹೆಂಡತಿ ಆದಿಲಕ್ಷ್ಮಮ್ಮ ಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಗಿದೆ ಎಂದು ಅದರಲ್ಲಿ ಬರೆದಿತ್ತು. ನಲವತ್ತಾರರಲ್ಲಿ ವಾಪಸು ಬಂದವನು ಊರಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಅಣ್ಣ ತಮ್ಮಂದಿರು ಇನ್ನೊಂದು ಹೆಣ್ಣು ನೋಡಿದಾಗ, ಆಗಲಿ ನೋಡೋಣ ಅಂದು ಎದ್ದು ಬಂದ. ಕೆಲವು ವರ್ಷ ಗೌರಿಬಿದನೂರಿನ ಕಡೆ ಖಾಸಗಿ ಬಸ್ ಓಡಿಸಿದ. ಆಮೇಲೆ ನಿವೃತ್ತ ಅಮಲ್ದಾರರೊಬ್ಬರಿಂದ ಈ ಕಾರು ಕೊಂಡು ಶಿಡ್ಲಘಟ್ಟಕ್ಕೆ ಬಂದು ನೆಲೆನಿಂತ.

ವಾಸಕ್ಕೆ ಸುಬ್ಬಲಕ್ಷ್ಮಮ್ಮ ಎಂಬ ವಿಧವೆಯ ಮನೆಯ ಹಿತ್ತಲ ಕೋಣೆ. ಅಡುಗೆ ತಾನೇ ಮಾಡಿಕೊಳ್ಳುತ್ತಿದ್ದ. ವಾರಕ್ಕೆ ಎರಡು ಮೂರು ಸಲ ಸುಬ್ಬಲಕ್ಷ್ಮಮ್ಮ ಹಿತ್ತಲ ಬಾಗಿಲಿಂದ, ಗಂಗಪ್ಪಾ, ಸಾರು ಐತೆ ಬಾ ಎಂದು ಕೂಗುತ್ತಿದ್ದರು. ಅವನು ಪಾತ್ರೆ ತೆಗೆದುಕೊಂಡು ಹೋಗಿ ಇಸಿದುಕೊಂಡು ಬರುತ್ತಿದ್ದ. ದಿನದಲ್ಲಿ ಗಿರಾಕಿಗಳನ್ನು ಬಿಟ್ಟರೆ ಅವನು ಮಾತಾಡುತ್ತಿದ್ದದ್ದು ಆ ತಾಯಿಯ ಜೊತೆ ಎರಡು ಮಾತು, ಮತ್ತೆ ಖಾಜಾ ಪೀರ್ ಜೊತೆ.

ಖಾಜಾ ಪೀರ್ ಚಿಂತಾಮಣಿ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್. ವಯಸ್ಸಿನಲ್ಲಿ ಮುನಿಗಂಗಪ್ಪನಿಗಿಂತ ಐದಾರು ವರ್ಷ ಚಿಕ್ಕವನು. ಇಬ್ಬರಿಗೂ ಇಂಜಿನ್ನಿನ ಸದ್ದು ಕೇಳುವುದು ಒಂದು ಚಟ. ದೂರದಿಂದ ಬರುವ ಲಾರಿಯ ಸದ್ದು ಕೇಳಿಯೇ, ಅದು ಯಾರ ಲಾರಿ, ಅದರಲ್ಲಿ ಏನು ಕೆಟ್ಟಿದೆ ಅಂತ ಇಬ್ಬರೂ ಹೇಳುತ್ತಿದ್ದರು. ಹತ್ತರಲ್ಲಿ ಎಂಟು ಸಲ ಮುನಿಗಂಗಪ್ಪನದೇ ಸರಿಯಾಗುತ್ತಿತ್ತು.

ಅರವತ್ತೊಂದರ ಹೊತ್ತಿಗೆ ಕಾರಿಗೆ ವಯಸ್ಸಾಯಿತು. ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬರತೊಡಗಿತು. ಇಂಜಿನ್ನು ಆಯಿಲ್ ಕುಡಿಯತೊಡಗಿತು. ಮೇಲುಗಡೆ ವಾಲ್ವುಗಳನ್ನು ಎತ್ತಿ ಇಳಿಸುವ ಟಪ್ಪೆಟ್ಟುಗಳು ಹೊಲಿಗೆ ಮಿಷನ್ನಿನ ಹಾಗೆ ಟಿಕಟಿಕ ಎನ್ನುತ್ತಿದ್ದವು. ಇಂಜಿನ್ ಬಿಚ್ಚಿ ಬೋರ್ ಮಾಡಿಸಿ ಹೊಸ ಪಿಸ್ಟನ್ನು, ರಿಂಗು ಹಾಕಿಸಬೇಕಿತ್ತು. ಆದರೆ ವಿಲಾಯತಿ ಸಾಮಾನು ಬರುವುದೇ ನಿಂತಿತ್ತು. ಮದರಾಸಿಗೆ ಬರೆದು ಕೇಳಿದರೆ ಆರು ತಿಂಗಳಾದರೂ ಆಗಬಹುದು ಅಂದರು. ಆರು ತಿಂಗಳು ಕಾರನ್ನು ನಿಲ್ಲಿಸಿ ಅವನು ಮಾಡುವುದಾದರೂ ಏನು? ಅವನ ಕಾಯಂ ಗಿರಾಕಿ, ರೇಷ್ಮೆ ವ್ಯಾಪಾರಿ ಖಲೀಮುಲ್ಲಾ ಸಾಹೇಬರು, ಹೊಗೆಗೆ ಅಮ್ಮನಿಗೆ ಕೆಮ್ಮು ಬರುತ್ತೆ ಗಂಗಪ್ಪ, ಏನಾದರೂ ಮಾಡು ಎಂದು ಮೆತ್ತಗೆ ಹೇಳಿದ್ದರು. ಅದೇ ವರ್ಷ ಬಸ್ ನಿಲ್ದಾಣಕ್ಕೆ ಹೊಸ ಕಾರೊಂದು ಬಂದು ಅವನ ಪಕ್ಕದಲ್ಲೇ ನಿಲ್ಲತೊಡಗಿತ್ತು.

ಪೆಟ್ರೋಲ್ ಬಂಕಿನ ವೆಂಕಟರಾಮಪ್ಪ ಅವನಿಗೆ ಒಂದು ದಾರಿ ತೋರಿಸಿದ. ಇಂಜಿನ್ ಆಯಿಲ್‌ಗೆ ಬೆರೆಸುವ ಮದ್ದು ಬಂದಿದೆ, ಜನ ಅದನ್ನು ಟಾನಿಕ್ ಅಂತಾರೆ, ಹಾಕಿದರೆ ಹೊಗೆ ನಿಲ್ಲುತ್ತೆ, ಸದ್ದು ಅಡಗುತ್ತೆ ಅಂದ. ಬೆಂಗಳೂರಿನ ಏಜೆಂಟರು ಬಿಟ್ಟುಹೋದ ಮೂರು ತರದ ಡಬ್ಬಿಗಳು ಅವನ ಹತ್ತಿರ ಇದ್ದವು. ಒಂದರಲ್ಲಿ ಜೇನಿನ ಹಾಗೆ ಗಟ್ಟಿಯಾದ ಹಳದಿ ದ್ರವ. ಒಂದರಲ್ಲಿ ಶರಬತ್ತಿನಂಥ ಕೆಂಪು ನೀರು. ಇನ್ನೊಂದರಲ್ಲಿ ಕಾಡಿಗೆಯಂಥ ಕಪ್ಪು ಎಣ್ಣೆ.

ಮುನಿಗಂಗಪ್ಪ ಕೂಡಲೇ ಕೊಳ್ಳಲಿಲ್ಲ. ಮೊದಲು ಖಾಜಾ ಪೀರ್‌ನನ್ನು ಕೇಳಿದ. ಖಾಜಾ ಪೀರ್‌ಗೆ ಅದು ಹಿಡಿಸಲಿಲ್ಲ. ಹೊತ್ತಿಗೆ ಸರಿಯಾಗಿ ಹಳೇ ಆಯಿಲ್ ಬಸಿದು ಹೊಸದು ಹಾಕುವುದೇ ಇಂಜಿನ್ನಿಗೆ ಮದ್ದು, ಸವೆದ ಕಬ್ಬಿಣ ಯಾವ ಡಬ್ಬಿಯಿಂದಲೂ ಬೆಳೆಯುವುದಿಲ್ಲ ಅಂತ ಅವನ ವಾದ.

"ಗಟ್ಟಿ ಎಣ್ಣೆ ಹಾಕಿ ಇಂಜಿನ್ ಬಾಯಿ ಮುಚ್ಚಿಸಿಬಿಟ್ರೆ, ಎಲ್ಲಿ ನೋವು ಅಂತ ಅದು ನಮಗೆ ಹೇಳೋದು ಹೆಂಗೆ ಗಂಗಪ್ಪಣ್ಣ?" ಅಂದ.

ಮುನಿಗಂಗಪ್ಪ ಯೋಚನೆ ಮಾಡಿದ. ಮೂರರಲ್ಲೂ ಸ್ವಲ್ಪ ಸ್ವಲ್ಪ ಔಷಧಿ ಸೀಸೆಗಳಿಗೆ ಹಾಕಿಸಿಕೊಂಡು ಕೋಣೆಗೆ ತಂದ. ಡಿಸೆಂಬರ್ ತಿಂಗಳು. ಬೆಳಗಿನ ಜಾವದ ಚಳಿಯಲ್ಲಿ ಮೂರು ಸೀಸೆಗಳನ್ನೂ ಹಿತ್ತಲ ಕಟ್ಟೆಯ ಮೇಲಿಟ್ಟು, ಒಡೆದ ಕಿಟಕಿ ಗಾಜನ್ನು ಓರೆಯಾಗಿ ನಿಲ್ಲಿಸಿ, ಒಂದೊಂದರಿಂದ ಒಂದೊಂದು ತೊಟ್ಟು ಮೇಲಿಂದ ಬಿಟ್ಟ. ಹಳದಿಯದು ಬೆಲ್ಲದ ಪಾಕದ ಹಾಗೆ ಬಿಟ್ಟ ಜಾಗದಲ್ಲೇ ಕೂತಿತು. ಇದನ್ನು ಹಾಕಿದರೆ ಬೆಳಿಗ್ಗೆ ಹ್ಯಾಂಡಲ್ ತಿರುಗಿಸುವುದಕ್ಕೆ ಇಬ್ಬರು ಬೇಕಾದೀತು ಅಂದುಕೊಂಡ. ಕೆಂಪನೆಯದು ನೀರಿನಂತೆ ಓಡಿತು. ಅದನ್ನು ಕಬ್ಬಿಣದ ಸೌಟಿನಲ್ಲಿ ಕಾಯಿಸಿ ನೋಡಿದರೆ ಭಗ್ಗನೆ ಹತ್ತಿಕೊಂಡು ಸೌಟಿನ ತಳದಲ್ಲಿ ಮಸಿ ಬಿಟ್ಟಿತು. ಕಪ್ಪನೆಯದು ನಿಧಾನವಾಗಿ, ಎಲ್ಲೂ ನಿಲ್ಲದೆ, ಒಂದೇ ಸಮನೆ ಇಳಿಯಿತು. ಕಾಯಿಸಿದರೂ ಬೇಗ ಹೊಗೆಯಾಡಲಿಲ್ಲ. ಹಳೆಯ ಬೇರಿಂಗ್ ತುಂಡೊಂದಕ್ಕೆ ಅದನ್ನು ಸವರಿ, ಬಟ್ಟೆಯಿಂದ ಚೆನ್ನಾಗಿ ಒರೆಸಿದ ಮೇಲೂ ಹೆಬ್ಬೆರಳು ಜಾರುತ್ತಿತ್ತು. ಎಣ್ಣೆಗೆ ಬೆರೆಸಿದ ಕಪ್ಪು ಪುಡಿ ಏನಾದರೂ ಇದ್ದು ತಳಕ್ಕೆ ಕೂರುತ್ತದೇನೋ ಎಂದು ಎಂಟು ದಿನ ಸೀಸೆಯನ್ನು ಅಲುಗಿಸದೆ ಇಟ್ಟು ನೋಡಿದ. ಕೂರಲಿಲ್ಲ.

ಆ ಎಂಟು ದಿನ ಅವನು ಬಹಳ ಖುಷಿಯಾಗಿದ್ದ. ಹಾಗೆಂದು ಯಾರ ಹತ್ತಿರವೂ ಹೇಳಲಿಲ್ಲ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಒಂಬತ್ತನೇ ದಿನ ಹಳೆಯ ಆಯಿಲ್ ಬಸಿದು, ಹೊಸದು ತುಂಬಿ, ಕಪ್ಪು ಟಾನಿಕ್ಕನ್ನು ಅಳತೆಯ ಪ್ರಕಾರ ಬೆರೆಸಿದ. ಮೊದಲ ದಿನ ಏನೂ ಗೊತ್ತಾಗಲಿಲ್ಲ. ಹೊಗೆ ಸ್ವಲ್ಪ ತಗ್ಗಿದಂತೆ ಕಂಡಿತು. ಸಂಕ್ರಾಂತಿ ಕಳೆದು, ಮಾಘ ಮಾಸ ಬರುವ ಹೊತ್ತಿಗೆ ಟಪ್ಪೆಟ್ಟಿನ ಟಿಕಟಿಕ ಮೆತ್ತಗಾಯಿತು. ಶಿವರಾತ್ರಿಯ ಹೊತ್ತಿಗೆ ಪೂರ್ತಿ ನಿಂತೇಹೋಯಿತು. ಬಾನೆಟ್ ಎತ್ತಿ, ಕಿವಿಯನ್ನು ಹತ್ತಿರ ಒಯ್ದರೂ ತಳದಿಂದ ಬರುವ ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬರ್ಮಾದಲ್ಲಿ ಹೊಸ ಲಾರಿಗಳನ್ನು ಕೊಟ್ಟಾಗಲೂ ಅಷ್ಟು ನಯವಾದ ಇಂಜಿನ್ ಕೇಳಿರಲಿಲ್ಲ ಅಂತ ಅವನಿಗೆ ಅನ್ನಿಸಿತು.

ಮಾತು ಕಡಿಮೆಯ ಮನುಷ್ಯ ಮಾತಾಡತೊಡಗಿದ. ಗಿರಾಕಿಗಳಿಗೆ ಹೇಳಿದ. ಬಸ್ ನಿಲ್ದಾಣದಲ್ಲಿ ಬೇರೆ ಡ್ರೈವರುಗಳನ್ನು ಕರೆದು ಹೇಳಿದ. ಮುನಿಗಂಗಪ್ಪನ ಕಿವಿಯೆಂದರೆ ಸುತ್ತಮುತ್ತ ಎಲ್ಲರಿಗೂ ನಂಬಿಕೆ. ಅವನ ಮಾತಿನ ಮೇಲೆ ಚಿಂತಾಮಣಿಯ ಕಡಲೆಕಾಯಿ ಮಂಡಿಯ ಆಂಜನಪ್ಪ ತನ್ನ ಲಾರಿಗೆ ಹಾಕಿಸಿದ. ಗೌರಿಬಿದನೂರಿನಲ್ಲಿ ಅವನ ಹಳೆಯ ಬಸ್ ಯಜಮಾನ ಚೆನ್ನರಾಯಪ್ಪ ಎರಡು ಬಸ್ಸಿಗೆ ಹಾಕಿಸಿದರು. ಇನ್ನೂ ಮೂರು ನಾಲ್ಕು ಜನ ಕೊಂಡರು. ಸ್ವಲ್ಪ ದಿನ ಕಳೆದ ಮೇಲೆ ಆಂಜನಪ್ಪ ಸಿಕ್ಕಿ, ಏನೂ ವ್ಯತ್ಯಾಸ ಕಾಣಲಿಲ್ಲ, ಸದ್ದು ಹಂಗೇ ಐತೆ ಅಂದಾಗ, ಅಳತೆ ತಪ್ಪಿ ಹಾಕಿರುತ್ತೀಯ ಎಂದು ಮುನಿಗಂಗಪ್ಪ ಅವನಿಗೇ ಬುದ್ಧಿ ಹೇಳಿದ.

ಖಾಜಾ ಪೀರ್ ಜೊತೆ ಜಗಳವಾದದ್ದೂ ಆಗಲೇ. ಒಂದು ದಿನ ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿ, ಇಂಜಿನ್ ಆರಿಸದೆ ಬಾನೆಟ್ ಎತ್ತಿ, ಈಗ ಹೇಳು ಅಂದ ಮುನಿಗಂಗಪ್ಪ. ಖಾಜಾ ಪೀರ್ ಕೇಳಿ, ಹೊಗೆ ಒಂಚೂರು ಕಡಿಮೆಯಾಗಿರೋದು ನಿಜ, ಅದು ಹೊಸ ಆಯಿಲ್ ಗುಣ, ಟಪ್ಪೆಟ್ಟು ಮೊದಲಿನ ಹಾಗೇ ಹೊಡೆದುಕೊಳ್ತಿದೆ ಅಂದ. ಮುನಿಗಂಗಪ್ಪ ನಕ್ಕ. ಖಾಜಾ ಪೀರ್ ನಗಲಿಲ್ಲ. ತನ್ನ ಕೆಲಸಕ್ಕೆ ಕುತ್ತು ಬರುತ್ತದೆಂದು ಹೀಗೆ ಹೇಳುತ್ತಿದ್ದಾನೆ ಎಂದು ಮುನಿಗಂಗಪ್ಪನಿಗೆ ಅನ್ನಿಸಿತು. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟ. ಖಾಜಾ ಪೀರ್ ಸ್ಪ್ಯಾನರ್ ಕೆಳಗಿಟ್ಟು ಒಳಗೆ ಹೋದ. ಅವತ್ತಿನಿಂದ ಮುನಿಗಂಗಪ್ಪ ಆ ಶೆಡ್ಡಿನ ಕಡೆ ಹೋಗುವುದನ್ನು ನಿಲ್ಲಿಸಿದ.

ಆ ಬೇಸಿಗೆಯಲ್ಲಿ ಅವನ ಸುತ್ತ ಎಲ್ಲವೂ ದೂರ ಸರಿಯುತ್ತಿರುವಂತೆ ಕಾಣಿಸಿತು. ಸುಬ್ಬಲಕ್ಷ್ಮಮ್ಮ ಸಾರಿಗೆ ಕರೆಯುವುದು ನಿಂತಿತು. ಏನು ತಪ್ಪು ಮಾಡಿದೆನೋ ಎಂದು ಯೋಚಿಸಿದ, ಕೇಳಲು ಸಂಕೋಚವಾಗಿ ಸುಮ್ಮನಾದ. ಹಿಂದಿನ ಸೀಟಿನಲ್ಲಿ ಕೂತವರು ಈಚೆಗೆ ಅವನ ಹತ್ತಿರ ಮಾತಾಡುವುದಿಲ್ಲ, ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾರೆ ಅನ್ನಿಸುತ್ತಿತ್ತು. ಬೆಳಿಗ್ಗೆ ಹುಣಸೆ ಮರದಲ್ಲಿ ಗುಬ್ಬಿಗಳು ಕೂಡ ಇರಲಿಲ್ಲ. ಇದ್ದವೋ ಏನೋ, ಅವನು ತಲೆಯೆತ್ತಿ ನೋಡಿರಲಿಲ್ಲ. ಊರು ಇಷ್ಟು ನಿಶ್ಶಬ್ದವಾದದ್ದು ಯಾಕೆ ಎಂಬ ಪ್ರಶ್ನೆ ಅವನಿಗೆ ಬರಲಿಲ್ಲ. ಒಂಟಿಯಾಗಿ ಬಾಳಿದವನಿಗೆ ನಿಶ್ಶಬ್ದ ಹೊಸದಲ್ಲವಲ್ಲ. ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿ, ಆ ಹಿತವಾದ ಗುಂಯ್ ಸದ್ದನ್ನು ಕೇಳುತ್ತಾ ಸ್ಟೀರಿಂಗ್ ಹಿಡಿದುಕೊಂಡರೆ ಸಾಕು, ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಜೂನ್ ತಿಂಗಳ ಒಂದು ಗುರುವಾರ ಖಲೀಮುಲ್ಲಾ ಸಾಹೇಬರು ತಾಯಿ ಹಫೀಜಾ ಅವರನ್ನೂ ಹೆಂಡತಿ ಜಾಹಿದಾ ಅವರನ್ನೂ ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೊರಟರು. ಸಾಹೇಬರು ಮುಂದೆ, ಹೆಂಗಸರು ಹಿಂದೆ. ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಸಣ್ಣ ರೈಲಿನ ಹಳಿ ರಸ್ತೆಯನ್ನು ಅಡ್ಡ ಹಾಯುವ ಜಾಗವೊಂದಿದೆ. ಆಗ ಅಲ್ಲಿ ಗೇಟು ಇರಲಿಲ್ಲ. ಒಂದು ಕಡೆ ಹುಣಸೆ ಸಾಲು, ಇನ್ನೊಂದು ಕಡೆ ಆಳೆತ್ತರದ ಲಂಟಾನ ಪೊದೆ. ರೈಲು ಬರುವುದು ಕಾಣುವುದಿಲ್ಲ. ಸೀಟಿ ಕೇಳಿಸಿದರೆ ನಿಲ್ಲಬೇಕು, ಇಲ್ಲದಿದ್ದರೆ ದಾಟಬೇಕು. ಎಂಟು ವರ್ಷದಿಂದ ಮುನಿಗಂಗಪ್ಪ ಹಾಗೇ ಮಾಡಿಕೊಂಡು ಬಂದಿದ್ದ.

ಅವತ್ತು ಕಿವಿಗೊಟ್ಟು ಕೇಳಿದ. ಏನೂ ಇರಲಿಲ್ಲ. ಗೇರ್ ಬದಲಿಸಿ ಮುಂದೆ ಹೊರಟ.

ಖಲೀಮುಲ್ಲಾ ಸಾಹೇಬರು ಅವನ ಕೈಯ ಮೇಲೆ ಬಿದ್ದು ಸ್ಟೀರಿಂಗನ್ನು ಎಡಕ್ಕೆ ಎಳೆದದ್ದು, ಇನ್ನೊಂದು ಕೈಯಿಂದ ಹ್ಯಾಂಡ್ ಬ್ರೇಕ್ ಜಗ್ಗಿದ್ದು, ಕಾರು ಪೊದೆಗೆ ನುಗ್ಗಿ ಇಂಜಿನ್ ಆರಿಹೋದದ್ದು ಎಲ್ಲ ಒಟ್ಟಿಗೇ ಆಯಿತು. ಮುಂದಿನ ಮಡ್‌ಗಾರ್ಡಿನಿಂದ ಒಂದು ಮೊಳ ದೂರದಲ್ಲಿ ರೈಲು ಹಾದುಹೋಯಿತು. ರೈಲಿನ ಡ್ರೈವರು ಹೊರಕ್ಕೆ ಬಾಗಿ ಬೈಯುತ್ತಿದ್ದ. ಅವನ ಬಾಯಿ ತೆರೆದು ಮುಚ್ಚುವುದನ್ನು ಮುನಿಗಂಗಪ್ಪ ಕಂಡ. ಮಾತು ಬರಲಿಲ್ಲ. ತಿರುಗಿ ನೋಡಿದರೆ ಹಿಂದೆ ಜಾಹಿದಾ ಅವರ ಬಾಯಿಯೂ ತೆರೆದಿತ್ತು. ಅವರು ಚೀರುತ್ತಿದ್ದಾರೆ ಎಂದು ಮುಖ ನೋಡಿ ತಿಳಿದುಕೊಂಡ.

ಖಲೀಮುಲ್ಲಾ ಸಾಹೇಬರು ಬೆವರು ಒರೆಸಿಕೊಂಡರು. ಆಮೇಲೆ ಹತ್ತಿರಕ್ಕೆ ಬಾಗಿ ಜೋರಾಗಿ ಕೇಳಿದರು: "ಅಷ್ಟು ದೂರದಿಂದ ಸೀಟಿ ಹಾಕ್ತಾನೇ ಬಂದ್ನಲ್ಲಪ್ಪ. ಅಮ್ಮ, ಜಾಹಿದಾ ಇಬ್ಬರೂ ಕೂಗಿದ್ರು. ನಿನಗೆ ಕೇಳಿಸ್ಲೇ ಇಲ್ವಾ?"

"ಇಲ್ಲ ಸಾಹೇಬ್ರೇ" ಅಂದ ಮುನಿಗಂಗಪ್ಪ.

ಅವರು ಬೈಯಲಿಲ್ಲ. ದಾರಿಯಲ್ಲಿ ಬಂದ ಬಸ್ಸು ನಿಲ್ಲಿಸಿ ಮನೆಯವರನ್ನು ಹತ್ತಿಸಿದರು. ಹತ್ತುವ ಮುಂಚೆ ಹಫೀಜಾ ಅವರು ವಾಪಸು ಬಂದು, ಅವನ ತಲೆಯ ಮೇಲೆ ಕೈಯಿಟ್ಟು ಏನೋ ಅಂದರು. ಅದೂ ಕೇಳಿಸಲಿಲ್ಲ.

ಬಸ್ಸು ಹೋದ ಮೇಲೆ ಅವನು ಪೊದೆಯಿಂದ ಕಾರನ್ನು ಹಿಂದಕ್ಕೆ ತಳ್ಳಿ ಒಬ್ಬನೇ ಹೊರಟ. ಎತ್ತಿನ ಗಾಡಿಯ ವೇಗದಲ್ಲಿ ಬಂದ. ಅಡ್ಡರಸ್ತೆ ಸಿಕ್ಕಿದಲ್ಲೆಲ್ಲ ಕಾರು ನಿಲ್ಲಿಸಿ, ಇಳಿದು, ಎರಡೂ ಕಡೆ ಕಣ್ಣಿಂದ ನೋಡಿ ಮತ್ತೆ ಹತ್ತಿದ. ನೇರವಾಗಿ ಖಾಜಾ ಪೀರ್ ಶೆಡ್ಡಿಗೆ ಹೋದ. ಮೂರು ತಿಂಗಳಿಂದ ಮಾತಿಲ್ಲದ ಇಬ್ಬರು ಎದುರುಬದುರು ನಿಂತರು. ಮುನಿಗಂಗಪ್ಪ ಇಂಜಿನ್ ಆರಿಸದೆ ಬಾನೆಟ್ ಎತ್ತಿದ.

"ಖಾಜಾ ಸಾಬ್ರೇ, ನನಗೆ ಕೇಳಿಸ್ತಿಲ್ಲ. ನೀವು ಕೇಳಿ ಹೇಳಿ."

ಖಾಜಾ ಪೀರ್ ಇಂಜಿನ್ನಿನ ಕಡೆ ಬಾಗಲೇ ಇಲ್ಲ. ಅದರ ಅಗತ್ಯವೂ ಇರಲಿಲ್ಲ, ಆ ಸದ್ದು ರಸ್ತೆಯ ಆಚೆ ಬದಿಗೂ ಕೇಳಿಸುತ್ತಿತ್ತು. ಅವನು ಮುನಿಗಂಗಪ್ಪನ ಎರಡೂ ಭುಜ ಹಿಡಿದು, ತನ್ನ ತುಟಿ ಕಾಣುವ ಹಾಗೆ ಎದುರಿಗೆ ನಿಂತು ಹೇಳಿದ: "ಟಪ್ಪೆಟ್ಟು ಹಂಗೇ ಹೊಡ್ಕೊಂತೈತೆ ಗಂಗಪ್ಪಣ್ಣ. ಒಂದಿನಾನೂ ನಿಂತಿಲ್ಲ."

ಮುಂದಿನ ವಾರ ಖಾಜಾ ಪೀರ್ ಶೆಡ್ಡಿಗೆ ಬೀಗ ಹಾಕಿ ಅವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಉಕ್ಕಿನ ಕವಲು ಕಡ್ಡಿಯೊಂದನ್ನು ತಟ್ಟಿ ಕಿವಿಯ ಹತ್ತಿರ ಹಿಡಿದರು. ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ನರ ಸೋತಿದೆ ಅಂದರು. ಯುದ್ಧದ ಸದ್ದಿಗೋ, ಕ್ವಿನೈನ್‌ಗೋ ಬಹಳ ಹಿಂದೆಯೇ ಶುರುವಾಗಿರಬೇಕು, ಮೊದಲು ಹೋಗುವುದು ಕೀರಲು ಸದ್ದುಗಳು, ಆಮೇಲೆ ಉಳಿದವು, ಇದಕ್ಕೆ ಔಷಧಿ ಇಲ್ಲ ಎಂದು ಖಾಜಾ ಪೀರ್‌ಗೆ ವಿವರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಖಾಜಾ ಪೀರ್ ಅದನ್ನು ತನ್ನ ತೊಡೆಯ ಮೇಲೆ ಕಾಗದವಿಟ್ಟು ಬರೆದು ತೋರಿಸಿದ. ಮುನಿಗಂಗಪ್ಪ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಸುಬ್ಬಲಕ್ಷ್ಮಮ್ಮನಿಗೆ ವಿಷಯ ತಿಳಿದಾಗ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಷ್ಟು ದಿನ ಬಾಗಿಲಲ್ಲಿ ನಿಂತು ಕೂಗಿದ್ದೆ, ಓ ಅನ್ನಲಿಲ್ಲ, ನನ್ನ ಸಾರು ಬೇಡವಾಯ್ತೇನೋ ಅಂತ ಬಿಟ್ಟುಬಿಟ್ಟೆ ಅಂದರು. ಅವರು ಹೇಳಿದ್ದರಲ್ಲಿ ಅರ್ಧ ಅವನಿಗೆ ತಿಳಿಯಿತು. ಅಷ್ಟು ತಿಂಗಳು ತನ್ನನ್ನು ಯಾರೋ ಕರೆಯುತ್ತಲೇ ಇದ್ದರು ಎನ್ನುವುದನ್ನು ಅವನು ಆ ರಾತ್ರಿಯೆಲ್ಲ ಯೋಚಿಸಿದ.

ಆಮೇಲೆ ಅವನು ಮಾಡಿದ ಕೆಲಸವೊಂದನ್ನು ಶಿಡ್ಲಘಟ್ಟದವರು ಬಹಳ ಕಾಲ ನೆನೆಯುತ್ತಿದ್ದರು. ತನ್ನ ಮಾತು ಕೇಳಿ ಟಾನಿಕ್ ಹಾಕಿಸಿದವರ ಮನೆಗೆಲ್ಲ ಬಸ್ಸಿನಲ್ಲಿ ಹೋದ. ಚಿಂತಾಮಣಿಗೆ, ಮಂಡಿಕಲ್ಲಿಗೆ, ಗೌರಿಬಿದನೂರಿಗೆ. ಪ್ರತಿಯೊಬ್ಬರ ಎದುರಿಗೂ ನಿಂತು, ಆ ಡಬ್ಬಿಯನ್ನು ಆರಿಸುವಾಗ ನಾನು ತಪ್ಪು ಮಾಡಿರಲಿಲ್ಲ, ಅದು ಕೆಲಸ ಮಾಡಿತು ಎಂದು ಹೇಳುವಾಗ ತಪ್ಪಿದೆ, ಸದ್ದು ನಿಂತದ್ದು ಇಂಜಿನ್ನಿನಲ್ಲಿ ಅಲ್ಲ, ನನ್ನ ಕಿವಿಯಲ್ಲಿ ಅಂದ. ಆಂಜನಪ್ಪ ಮೊದಲು ನಕ್ಕ, ಆಮೇಲೆ ನಕ್ಕದ್ದಕ್ಕೆ ನಾಚಿ ಊಟಕ್ಕೆ ಕೂರಿಸಿದ. ಚೆನ್ನರಾಯಪ್ಪನವರು ಏನೋ ದೀರ್ಘವಾಗಿ ಹೇಳಿದರು. ಏನು ಹೇಳಿದರೆಂದು ಅವನಿಗೆ ಗೊತ್ತಾಗಲಿಲ್ಲ. ಮತ್ತೆ ಹೇಳಿ ಎನ್ನಲು ಬಾಯಿ ಬರದೆ, ಕೈಮುಗಿದು ಬಸ್ ಹತ್ತಿದ.

ಕಾರನ್ನು ಮತ್ತೆ ರಸ್ತೆಗೆ ತರಲಿಲ್ಲ. ಖಲೀಮುಲ್ಲಾ ಸಾಹೇಬರು, ನಾನು ಪಕ್ಕದಲ್ಲಿ ಕೂತು ಕೈ ಸನ್ನೆ ಮಾಡ್ತೀನಿ, ನೀನೇ ಓಡಿಸು ಎಂದು ಹೇಳಿಕಳಿಸಿದ್ದರು. ಅವನು ಒಪ್ಪಲಿಲ್ಲ. ಲೈಸೆನ್ಸನ್ನು ತಾನೇ ಕೊಂಡೊಯ್ದು ಕಚೇರಿಯಲ್ಲಿ ಕೊಟ್ಟುಬಂದ. ಕಾರು ಗೌರಿಬಿದನೂರಿನ ಅಕ್ಕಿ ಗಿರಣಿಯವರ ಪಾಲಾಯಿತು. ಕೊಂಡವರು ಅದನ್ನು ಓಡಿಸಿಕೊಂಡು ಹೋದಾಗ ಅವನು ಬಸ್ ನಿಲ್ದಾಣದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ತಿರುಗಿ ನೋಡಿದಾಗ ಅದು ಇರಲಿಲ್ಲ. ಯಾವಾಗ ಹೊರಟಿತೆಂದು ತಿಳಿಯುವ ಉಪಾಯ ಅವನಿಗಿರಲಿಲ್ಲ.

ಖಾಜಾ ಪೀರ್ ಕರೆದ. ಮುನಿಗಂಗಪ್ಪ ಶೆಡ್ಡಿನ ಮೂಲೆಯಲ್ಲಿ ಒಂದು ಮಣೆ ಹಾಕಿಕೊಂಡು ವಾಲ್ವು ತಿಕ್ಕುವ ಕೆಲಸಕ್ಕೆ ಕೂತ. ರಬ್ಬರು ಹಚ್ಚಿದ ಕಡ್ಡಿಗೆ ವಾಲ್ವನ್ನು ಸಿಕ್ಕಿಸಿ, ಒರಟು ಪೇಸ್ಟು ಬಳಿದು, ಮಜ್ಜಿಗೆ ಕಡೆಯುವಂತೆ ಎರಡು ಅಂಗೈ ನಡುವೆ ಹೊಸೆಯಬೇಕು. ವಾಲ್ವು ತನ್ನ ಜಾಗದಲ್ಲಿ ಸರಿಯಾಗಿ ಕೂತಿತೋ ಇಲ್ಲವೋ ಎನ್ನುವುದು ಅಂಗೈಗೆ ತಿಳಿಯುತ್ತದೆ. ಎರಡು ವರ್ಷದಲ್ಲಿ ಉಳಿದ ಕೇಳಿಸುವಿಕೆಯೂ ಹೋಯಿತು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು. ಆದರೆ ಖಾಜಾ ಪೀರ್‌ಗೆ ಮಕ್ಕಳಿದ್ದರು, ಮನೆಯಿತ್ತು, ಸಂಜೆಯಾದರೆ ಹೋಗುತ್ತಿದ್ದ. ಮುನಿಗಂಗಪ್ಪ ಹಿತ್ತಲ ಕೋಣೆಗೆ ಬಂದು, ಬಾಗಿಲು ತೆರೆದೇ ಇಟ್ಟು, ಅಂಗಳದ ಕಡೆ ಮುಖ ಮಾಡಿ ಕೂರುತ್ತಿದ್ದ. ಸುಬ್ಬಲಕ್ಷ್ಮಮ್ಮ ಈಗ ಕೂಗುತ್ತಿರಲಿಲ್ಲ. ಸಾರಿನ ಪಾತ್ರೆಯನ್ನು ತಂದು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದರು. ಕೆಲವು ಸಲ ಅವನು ತಲೆಯೆತ್ತುವಷ್ಟರಲ್ಲಿ ಅವರು ಹೋಗಿಯಾಗಿರುತ್ತಿತ್ತು.

ಅರವತ್ತೇಳರಲ್ಲಿ ಖಾಜಾ ಪೀರ್ ಮಗಳ ಮದುವೆಗೆಂದು ಒಂದು ವಾರ ಕೋಲಾರಕ್ಕೆ ಹೋದ. ಶೆಡ್ ಮುಚ್ಚುವುದು ಬೇಡ ಅಂದ ಮುನಿಗಂಗಪ್ಪ. ಏಳು ದಿನ ತಾನೇ ಬೆಳಿಗ್ಗೆ ಬೀಗ ತೆಗೆದು, ತನ್ನ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು ವಾಲ್ವು ತಿಕ್ಕಿದ. ಬಾಗಿಲ ಕಡೆ ತಿರುಗಿ ಕೂತರೆ ಬಂದವರು ಕಾಣುತ್ತಿದ್ದರು, ಆದರೂ ಮಣೆ ತಿರುಗಿಸಲಿಲ್ಲ. ಬಂದವರು ಹೊರಗೆ ನಿಂತು ಕೂಗುತ್ತಿದ್ದರು. ಉತ್ತರ ಬರದೆ ಒಳಗೆ ಬಂದು ಅವನ ಭುಜ ಮುಟ್ಟುತ್ತಿದ್ದರು. ಅವನು ಬೆಚ್ಚದೆ, ನಿಧಾನವಾಗಿ ತಿರುಗಿ, ಬಂದವರ ಮುಖ ನೋಡಿ, ಕೈಯ ಪೇಸ್ಟು ಒರೆಸಿಕೊಂಡು ಎದ್ದು ಅವರ ಹಿಂದೆ ಗಾಡಿಯ ಹತ್ತಿರ ಹೋಗುತ್ತಿದ್ದ. ಖಾಜಾ ಪೀರ್ ವಾಪಸು ಬಂದಾಗ ಏಳು ಗಾಡಿಗಳ ಕೆಲಸ ಮುಗಿದಿತ್ತು. ಹೆಂಗಿದ್ರಿ ಅಂತ ಸನ್ನೆಯಲ್ಲಿ ಕೇಳಿದ. ಜನ ಬರ್ತಾ ಇದ್ರು ಅಂದ ಮುನಿಗಂಗಪ್ಪ.